ಅಕ್ಕ ಅಪ್ಪನನ್ನು ಮುಟ್ಟಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬೆಳಗಾಯಿತೆಂದರೆ ಯಾರು ಯಾರನ್ನು ಮುಟ್ಟಬಹುದು, ಯಾರನ್ನು ಮುಟ್ಟಬಾರದು ಅನ್ನುವುದೇ ದೊಡ್ಡ ತಲೆನೋವು. ಈಗ ನೆನೆಸಿಕೊಂಡರೂ ಸುಸ್ತಾಗುತ್ತದೆ. ಹಳೇಬೀಡಿನ ಪಕ್ಕದ ಹುಲಿಕೆರೆ ನಮ್ಮೂರು. ಅಪ್ಪ ಊರ ದೇವಸ್ಥಾನದ ಅರ್ಚಕರು. ಹಿತ್ತಿಲ ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಂಡು ಒದ್ದೆ ಪಂಚೆ ಉಟ್ಟರೆಂದರೆ ಅವರು ಮಡಿ. ಪೂಜೆ ಮುಗಿಯುವವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ. ಮಕ್ಕಳು ಮರೆತು ಮುಟ್ಟಿದರೆ ಅಪ್ಪನಿಗೆ ಇನ್ನೊಂದು ಸ್ನಾನ, ನಮಗೆ ಅತ್ತೆಯ ಬೈಗುಳ.

ಅತ್ತೆ ಅಂದರೆ ಅಪ್ಪನ ಅಕ್ಕ. ಅಮ್ಮ ನನ್ನ ಪುಟ್ಟ ತಮ್ಮನನ್ನೂ ಕರೆದುಕೊಂಡು ಹೆರಿಗೆಗೆಂದು ಅರಸೀಕೆರೆಯ ತವರಿಗೆ ಹೋಗಿದ್ದರಿಂದ ಮನೆಯಲ್ಲಿ ಅವರದೇ ಯಜಮಾನಿಕೆ. ನಾನು ಹೇಳುತ್ತಿರುವ ದಿನ ನನ್ನ ಅಕ್ಕ ‘ಹೊರಗೆ’ ಇದ್ದಳು. ಹಾಗೆಂದರೇನು ಅಂತ ನಿಮಗೆ ಗೊತ್ತಿಲ್ಲ ಮಕ್ಕಳೇ, ಗೊತ್ತಿಲ್ಲದಿರುವುದೇ ಪುಣ್ಯ. ದೊಡ್ಡವರಾದ ಹುಡುಗಿಯರು ತಿಂಗಳಿಗೊಮ್ಮೆ ಮೂರು ದಿನ ಯಾರನ್ನೂ ಮುಟ್ಟದೆ ಹಿತ್ತಿಲ ಜಗಲಿಯಲ್ಲಿ ಕೂರಬೇಕಿತ್ತು. ಬೇರೆ ತಟ್ಟೆ, ಬೇರೆ ಚೊಂಬು, ಮಲಗಲು ಒಂದು ಗೋಣಿತಾಟು. ಮಡಿಯಲ್ಲಿದ್ದವರ ಮೇಲೆ ಅವರ ನೆರಳೂ ಬೀಳಬಾರದು.

ಹಿಂದಿನ ದಿನ ಏಕಾದಶಿ. ಅಪ್ಪ ಹನಿ ನೀರೂ ಕುಡಿದಿರಲಿಲ್ಲ. ಬೆಳಿಗ್ಗೆ ಎಂದಿನಂತೆ ಸ್ನಾನ ಮುಗಿಸಿ, ತಾಮ್ರದ ಕೊಡ ಹಿಡಿದು, ಮಂತ್ರ ಹೇಳಿಕೊಳ್ಳುತ್ತ ಬಾವಿಯಿಂದ ಬಂದರು. ಅತ್ತೆಗೆ ಇನ್ನೂ ಸ್ನಾನವಾಗಿರಲಿಲ್ಲ, ಹಿತ್ತಿಲ ಬಾಗಿಲಲ್ಲಿ ಕೂತು ಅಗಸೆ ಸೊಪ್ಪು ಬಿಡಿಸುತ್ತಿದ್ದರು. ನಾನು ಅವರ ಪಕ್ಕದಲ್ಲಿ ತೂಕಡಿಸುತ್ತಿದ್ದೆ. ದಡ್ ಅಂತ ಸದ್ದಾಯಿತು. ಅಪ್ಪನ ಬಲಗೈಯಿಂದ ಕೊಡ ಜಾರಿ, ನೀರೆಲ್ಲ ಚೆಲ್ಲಿ, ನೆಲದಿಂದ ಮಣ್ಣಿನ ವಾಸನೆ ಎದ್ದಿತು.

ಅಪ್ಪ ಬಗ್ಗಿ ಕೊಡ ಎತ್ತಲು ನೋಡಿದರು. ಕೈ ಮಾತು ಕೇಳಲಿಲ್ಲ. ಮಂತ್ರ ಮುಂದುವರಿಸಿದರು, ಆದರೆ ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡವರ ಹಾಗೆ ಮಾತು ತೊದಲುತ್ತಿತ್ತು. ಜಗಲಿಯಿಂದ ಅಕ್ಕ ಕೂಗಿಕೊಂಡಳು, ಅಪ್ಪನ ಬಾಯಿ ಸೊಟ್ಟಗಾಗಿದೆ ನೋಡಿ ಅಂತ. ಉಪವಾಸಕ್ಕೆ ಪಿತ್ತ ಕೆದರಿದೆ ಅಷ್ಟೇ, ನೀನು ಸುಮ್ಮನೆ ಕೂತಿರು ಅಂದರು ಅತ್ತೆ. ನಮ್ಮ ಮನೆಯಲ್ಲಿ ತಲೆ ತಿರುಗಿದರೂ ಪಿತ್ತ, ವಾಂತಿಯಾದರೂ ಪಿತ್ತ. ಅಷ್ಟರಲ್ಲಿ ಅಪ್ಪ ಕುಸಿದು, ಆ ಕೆಸರಿನಲ್ಲೇ ಅಂಗಾತ ಬಿದ್ದರು.

ಸದ್ದು ಕೇಳಿ ಹಿಂದಿನ ಮನೆಯ ಗೌಡರು ಬೇಲಿಯ ಹತ್ತಿರ ಓಡಿ ಬಂದರು. ಅವರ ಹಿಂದೆ ಇನ್ನೂ ನಾಲ್ಕಾರು ಜನ. ರಾಗಿ ಮೂಟೆಯನ್ನು ಒಬ್ಬರೇ ಎತ್ತುವ ಆಳು ಗೌಡರು, ಬೇಲಿಯಾಚೆಗೇ ನಿಂತುಬಿಟ್ಟರು.

“ಐನೋರು ಮಡೀಲವ್ರೆ, ಮುಟ್ಟಾದೆಂಗವ್ವಾ?” ಅಂದರು.

ಅತ್ತೆಯೂ ಮುಟ್ಟಲಿಲ್ಲ. ಅವರು ಕಲ್ಲುಮನಸ್ಸಿನವರಲ್ಲ, ತಮ್ಮನೆಂದರೆ ಪ್ರಾಣ. ಆದರೆ ಮೈಲಿಗೆ ಕೈಯಲ್ಲಿ ಮುಟ್ಟಿದರೆ ಅವನಿಗೇ ಕೇಡು ಅಂತ ನಂಬಿದ್ದರು. ಚೊಂಬಿನಲ್ಲಿ ನೀರು ತಂದು, ಮೈ ತಾಕದ ಹಾಗೆ ಮೇಲಿನಿಂದ ಅಪ್ಪನ ಬಾಯಿಗೆ ಸುರಿಯತೊಡಗಿದರು. ಬಿದ್ದವರ ಬಾಯಿಗೆ ನೀರು ಬಿಡುವುದು ಆಗಿನ ಮೊದಲ ಉಪಚಾರ. ಎಚ್ಚರವಿಲ್ಲದವರು ನುಂಗುವುದು ಹೇಗೆ ಅಂತ ಯಾರೂ ಯೋಚಿಸುತ್ತಿರಲಿಲ್ಲ. ಅಪ್ಪನ ಗಂಟಲಲ್ಲಿ ಗೊರಗೊರ ಸದ್ದು ಬಂತು. ತುಟಿ ನೀಲಿಯಾಯಿತು.

ಅಕ್ಕ ಜಗಲಿಯಿಂದ ಎದ್ದು ಬಂದಳು. “ಮುಟ್ಟಬೇಡ ಕಣೇ, ದೇವರು ಮೆಚ್ಚಲ್ಲ” ಅಂದರು ಅತ್ತೆ.

“ಸ್ನಾನ ಆಮೇಲೆ ಮಾಡಿಸಿ ಅತ್ತೆ, ಈಗ ಅಪ್ಪಂಗೆ ಉಸಿರು ಕಟ್ತಿದೆ” ಅಂದವಳೇ ಕೆಸರಿನಲ್ಲಿ ಮಂಡಿಯೂರಿ, ಅಪ್ಪನ ಭುಜ, ಸೊಂಟ ಹಿಡಿದು ಮಗ್ಗುಲಿಗೆ ಹೊರಳಿಸಿದಳು. ನಮ್ಮ ಪುಟ್ಟ ತಮ್ಮನಿಗೆ ಹಾಲು ನೆತ್ತಿಗೇರಿದಾಗ ಅಮ್ಮ ಹಾಗೆ ಮಾಡುವುದನ್ನು ಅವಳು ನೋಡಿದ್ದಳು, ಅಷ್ಟೇ. ಬಾಯಿಂದ ನೀರು ಹೊರಗೆ ಬಂತು. ಅಪ್ಪ ಕೆಮ್ಮಿದರು, ಆಮೇಲೆ ಉಸಿರೆಳೆದುಕೊಂಡರು.

ಅವಳು ಮುಟ್ಟಿದ್ದೇ ತಡ, ಮಡಿ ಹೇಗೂ ಕೆಟ್ಟಿತೆಂದು ಗೌಡರು ಬೇಲಿ ಹಾರಿ ಬಂದರು. ಗಾಡಿ ಕಟ್ಟಿ, ಹುಲ್ಲು ಹಾಸಿ, ಅಪ್ಪನನ್ನು ಹಳೇಬೀಡಿಗೆ ಸಾಗಿಸಿದರು. ಅಲ್ಲಿಂದ ಬಸ್ಸಿನಲ್ಲಿ ಬೇಲೂರಿನ ಆಸ್ಪತ್ರೆಗೆ. ಅಪ್ಪನ ತಲೆ ಮತ್ತೆ ಅಂಗಾತವಾಗದ ಹಾಗೆ ಅಕ್ಕ ದಾರಿಯುದ್ದಕ್ಕೂ ಹಿಡಿದುಕೊಂಡೇ ಇದ್ದಳಂತೆ. ಪಿತ್ತವಲ್ಲ, ಲಕ್ವ ಹೊಡೆದಿದೆ ಅಂದರಂತೆ ಡಾಕ್ಟರು.

ಅಪ್ಪ ಬದುಕಿದರು. ಬಲಗೈ ಮಾತ್ರ ಮೇಲೇಳಲಿಲ್ಲ. ಪೂಜೆ ಚಿಕ್ಕಪ್ಪನ ಪಾಲಾಯಿತು. ಹುಡುಗಿ ಮಡಿ ಕೆಡಿಸಿದಳು, ಅದಕ್ಕೇ ಕೈ ಹೋಯಿತು ಅಂತ ಊರಲ್ಲಿ ಆಡಿಕೊಂಡರು. ಆಡುವ ಬಾಯಿಗೆ ಬೀಗ ಹಾಕುವುದಕ್ಕಾಗುತ್ತದೆಯೇ? ಅಕ್ಕ ಮುಂದಿನ ತಿಂಗಳು ಮತ್ತೆ ಅದೇ ಜಗಲಿಯಲ್ಲಿ ಹೋಗಿ ಕೂತಳು. ನನಗೆ ಈಗಲೂ ಸಂಕಟವಾಗುವುದು ಅದಕ್ಕೇ.

ಆವತ್ತು ಅಪ್ಪ ಗೋಡೆ ಹಿಡಿದು ಕಾಲೆಳೆಯುತ್ತ ಹಿತ್ತಿಲಿಗೆ ಬಂದು, ಅಕ್ಕನ ಪಕ್ಕದಲ್ಲೇ, ಅವಳ ಗೋಣಿತಾಟಿನ ಮೇಲೆ ಕೂತರು. ಸತ್ತ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಅವಳ ತೊಡೆಯ ಮೇಲಿಟ್ಟು, “ಎಣ್ಣೆ ತಿಕ್ಕು ಮಗೂ” ಅಂದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಎಣ್ಣೆ ಬಿಸಿ ಮಾಡಿ ತಂದಿಟ್ಟರು.

ನಿಮ್ಮ ಕಾಲದಲ್ಲಿ ಮಡಿಯಿಲ್ಲ, ಜಗಲಿಯೂ ಇಲ್ಲ. ಫೋನ್ ಮಾಡಿದರೆ ಆಂಬುಲೆನ್ಸ್ ಮನೆ ಬಾಗಿಲಿಗೇ ಬರುತ್ತದೆ. ಆದರೂ ಮೊನ್ನೆ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಬಿದ್ದಾಗ ಸುತ್ತ ನಿಂತವರ ಕೈಯಲ್ಲೆಲ್ಲ ಫೋನು. ಫೋಟೋ ತೆಗೆದರೇ ಹೊರತು ಹತ್ತಿರ ಹೋದವರು ಯಾರೂ ಇಲ್ಲ. ನಾನೇ ಮಂಡಿನೋವಿನಲ್ಲಿ ಬಗ್ಗಬೇಕಾಯಿತು. ಸಾಕಾಗಿದೆ ಕಣ್ರೋ ನನಗೆ, ಇನ್ನು ನೀವೇ ಬಗ್ಗಿ. ಯಾರದಾದರೂ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಪಿತ್ತ ಅಂತ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕದೆ, ಉಸಿರಿದೆಯಾ ನೋಡಿ, ಇದ್ದರೆ ಮಗ್ಗುಲಾಗಿ ಮಲಗಿಸಿ. ಮುಟ್ಟಿ, ಮಕ್ಕಳೇ. ಕೈ ತೊಳೆದುಕೊಳ್ಳುವುದು ಆಮೇಲೆ ಇದ್ದೇ ಇದೆ.