ಪುಟ್ಟಸ್ವಾಮಣ್ಣನ ಅಮೆರಿಕಾ ಲೈಟ್ ಬಿಲ್ಲು

ಬ್ಯಾಡರಹಳ್ಳಿಯ ಪುಟ್ಟಸ್ವಾಮಣ್ಣ ಅಮೆರಿಕದವರನ್ನು ಬೈದಷ್ಟು ಪಕ್ಕದ ಮನೆಯವರನ್ನೂ ಬೈದವರಲ್ಲ. ಅವರು ನಮ್ಮ ಆಫೀಸಿನ ಕ್ಯಾಬ್ ಓಡಿಸುತ್ತಿದ್ದರು. ನಮ್ಮದು ಅಮೆರಿಕದ ಒಂದು ರಾಜ್ಯದ ಜನರ ಫೋನಿಗೆ ಉತ್ತರಿಸುವ ಕೆಲಸ. ಅಲ್ಲಿಯವರು ಪ್ರತಿ ಮಾರ್ಚಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರೆ ನಮ್ಮ ಸಂಜೆ ಐದೂವರೆಯ ಪಿಕಪ್ ನಾಲ್ಕೂವರೆಗೆ ಬರುತ್ತಿತ್ತು. ನವೆಂಬರಿನಲ್ಲಿ ಮತ್ತೆ ಐದೂವರೆ.

"ಬೇಗ ಬಾ ಅಂದ್ರೆ ಬರಕ್ಕೆ ಸೂರ್ಯ ಏನು ಇವರ ಮನೆ ಆಳಾ?" ಎನ್ನುತ್ತಿದ್ದರು.

ಈ ತಿರುಗಿಸಾಟ ನಿಲ್ಲಿಸಲು ಅಲ್ಲಿನ ಶಾಸನಸಭೆಯಲ್ಲಿ 'ಡೇಲೈಟ್ ಬಿಲ್' ಎಂಬ ಮಸೂದೆ ಬಂದಿದೆ, ಎರಡು ವರ್ಷದಿಂದ ಪೆಂಡಿಂಗ್ ಇದೆ ಎಂದು ಒಮ್ಮೆ ಹೇಳಿದೆ. ಅವರು ಬ್ರೇಕ್ ಹಾಕಿದರು. "ಎರಡು ವರ್ಸ? ನಾವು ಲೈಟ್ ಬಿಲ್ ಒಂದ್ ತಿಂಗ್ಳು ಕಟ್ಟದಿದ್ರೆ ಫ್ಯೂಸ್ ಕಿತ್ಕೊಂಡೋಗ್ತಾರೆ ಕಣವ್ವಾ!" ತಿದ್ದಿ ಹೇಳಿದರೂ ಅದು ಕೊನೆಯವರೆಗೂ ಲೈಟ್ ಬಿಲ್ಲೇ.

ನನಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ರಾತ್ರಿಪಾಳಿ ಮುಗಿಸಿ ಮಲಗಿದ ನಾನು ಬೆಳಿಗ್ಗೆ ಏಳುವ ಮೊದಲೇ ಮಗಳು ಶಾಲೆಗೆ ಹೋಗಿರುತ್ತಿದ್ದಳು. ಉಲ್ಲಾಳದ ನಮ್ಮ ಮನೆಗೆ ಅವಳ ವ್ಯಾನ್ ಬರುತ್ತಿದ್ದದ್ದು ಸಂಜೆ ನಾಲ್ಕೂ ಐವತ್ತಕ್ಕೆ. ಮೊದಲ ಪಿಕಪ್ ನನ್ನದೇ. ಮಾರ್ಚ್ ಬಂತೆಂದರೆ ವಾರವಿಡೀ ಅವಳು ಎಚ್ಚರವಿದ್ದಾಗ ನೋಡುವಂತಿರಲಿಲ್ಲ. ಒಂದು ಸಂಜೆ ಕ್ಯಾಬಿನಲ್ಲಿ ಇದನ್ನು ಹೇಳುತ್ತಾ ಅತ್ತುಬಿಟ್ಟೆ.

ಪುಟ್ಟಸ್ವಾಮಣ್ಣ ಮಾರನೆಯ ದಿನದಿಂದ ಮೊದಲು ಮೂಡಲಪಾಳ್ಯದ ಸಹೋದ್ಯೋಗಿಗಳನ್ನು ಹತ್ತಿಸಿಕೊಂಡು, ಸುತ್ತು ಹಾಕಿ ಕೊನೆಗೆ ನಮ್ಮ ಮನೆಗೆ ಬರತೊಡಗಿದರು. ಮಗಳು ವ್ಯಾನ್ ಇಳಿದು ನನ್ನ ಕೈಯಿಂದ ಎರಡು ತುತ್ತು ತಿನ್ನುವವರೆಗೂ ಹಾರ್ನ್ ಹೊಡೆಯುತ್ತಿರಲಿಲ್ಲ. ಸೂಪರ್‌ವೈಸರ್ ರೇಗಿದರೆ, "ರೋಡ್ ಅಗ್ದವ್ರೆ ಸಾರ್" ಎಂಬ ಒಂದೇ ಉತ್ತರ. ನಮ್ಮ ಕಡೆ ಆ ಮಾತನ್ನು ಯಾರು ತಾನೇ ಸುಳ್ಳೆನ್ನುತ್ತಾರೆ? ಮೂರು ವರ್ಷ ಬೈಗುಳ ತಿಂದರು. ನನ್ನ ಮಗಳಿಗೆ ಅಮ್ಮ ಸಿಕ್ಕಿದ್ದು ಅವರಿಂದ.

ಮಂಡಿನೋವೆಂದು ಹೋದ ವರ್ಷ ಕೆಲಸ ಬಿಟ್ಟರು. ಮೊನ್ನೆ ಆ ಬಿಲ್ ಪಾಸಾಯಿತು. ಇನ್ನು ವರ್ಷವಿಡೀ ಐದೂವರೆಯೇ. ಹೇಳೋಣವೆಂದು ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿದರು. ಅಣ್ಣ ತೀರಿಹೋಗಿ ತಿಂಗಳಾಗಿತ್ತು.

ಆಕೆ ಹೇಳಿದರು: "ಈ ಫೋನು ದಿನಾ ನಾಲ್ಕೂ ಐವತ್ತಕ್ಕೆ ಹೊಡ್ಕೊತದೆ ಕಣವ್ವಾ. ಕೆಲ್ಸ ಬಿಟ್ಟು ಮನೇಲಿದ್ರೂ ಅಲಾರಂ ತೆಗೀಬೇಡ ಅಂತಿದ್ರು. ಯಾಕೋ ಗೊತ್ತಿಲ್ಲ."

"ಅದು ನನ್ನ ಮಗಳ ಸ್ಕೂಲ್ ವ್ಯಾನ್ ಬರೋ ಟೈಮಮ್ಮಾ" ಎಂದೆ.

"ಹಂಗಾರೆ ಹೊಡ್ಕೊಳ್ಲಿ ಬಿಡವ್ವಾ" ಎಂದರು.