ಕೆಂಪು ಟೇಪಿನ ಪ್ಲಗ್

ಮೊನ್ನೆ ಮಧ್ಯಾಹ್ನ ದೂರದಲ್ಲೆಲ್ಲೋ ಗುಡುಗಿತು. ಮೇಜಿನ ಹಿಂದೆ ಕೈ ಹಾಕಿದೆ. ಪ್ಲಗ್ಗಿಗೆ ಸುತ್ತಿದ ಕೆಂಪು ಟೇಪಿನ ಅಂಟು ಸೆಕೆಗೆ ಕರಗಿ ಬೆರಳಿಗೆ ಹತ್ತಿತು. ಆ ಟೇಪ್ ಸುತ್ತಿದವರು ಮೇಲಿನ ಮನೆಯ ಅಕ್ಕ. ನಾನು ಸುಳ್ಯದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಾಗ ಅವರು ಮಹಡಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ಗುಡುಗಿದ ಕೂಡಲೇ ಹುಡುಕದೆ ಕೈಗೆ ಸಿಗಬೇಕೆಂದು ಮನೆಯ ಪ್ಲಗ್ಗುಗಳಿಗೆಲ್ಲ ಕೆಂಪು ಟೇಪ್ ಸುತ್ತಿದ್ದರು… ಎಲ್ಲದಕ್ಕೂ ಸುತ್ತಿದ್ದರೋ ಇದೊಂದಕ್ಕೋ, ಈಗ ಖಾತ್ರಿಯಿಲ್ಲ.

ನಮ್ಮ ಕಡೆ ಗುಡುಗಿದರೆ ಪ್ಲಗ್ ತೆಗೆಯದ ಮನೆಯಿಲ್ಲ. ಅಕ್ಕನಿಗೆ ಬೇರೆಯೇ ಕಾರಣವಿತ್ತು. ಅವರ ತಮ್ಮ ಭಜನಾ ಮಂದಿರದಲ್ಲಿ ಸಿಡಿಲು ಬಡಿದು ಸತ್ತಿದ್ದ. ಮೈಕಿನ ಪ್ಲಗ್ ತೆಗೆಯಲು ಎದ್ದು ಹೋದಾಗ ಎಂದು ಮಂದಿರದವರು ಹೇಳುತ್ತಿದ್ದರು. ತೆಗೆಯದೆ ಹಾಡುತ್ತಾ ಕೂತಿದ್ದರಿಂದ ಎಂದು ಅಕ್ಕ. ನನಗೆ ಎರಡೂ ಕೇಳಿದ ಮಾತು.

ಅವನು ಹಾಡಿದ ಭಜನೆಯ ಕ್ಯಾಸೆಟ್ಟುಗಳು ಉಳಿದಿದ್ದವು. ಅವಕ್ಕೂ ಬೂಸಲು ಹಿಡಿಯತೊಡಗಿತ್ತು. "ಮುಖ ಫೋಟೋದಲ್ಲಿ ಉಂಟು ಮಾಸ್ಟ್ರೆ. ಸ್ವರ ಹೋದ್ರೆ ಎಲ್ಲಿಂದ ತರುದು?" ಎಂದಿದ್ದರು ಅಕ್ಕ. ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಅವರ ಲ್ಯಾಪ್‌ಟಾಪಿಗೆ ಇಳಿಸಿ, ಅಲ್ಲಿ ಜಾಗ ಸಾಲದ್ದರಿಂದ ಪ್ರತಿ ಉಳಿಸದೆ, ಹಾರ್ಡ್ ಡಿಸ್ಕ್ ಇದ್ದ ಒಂದು ಸಣ್ಣ ಪೆಟ್ಟಿಗೆಗೆ ಸಾಗಿಸಿದೆವು. ಪೆಟ್ಟಿಗೆಯಿಂದ ವೈಫೈ ಮೂಲಕ ಹೊಲಿಗೆ ಮಿಷನ್ನಿನ ಪಕ್ಕದ ಸ್ಪೀಕರಿಗೂ ಅಡುಗೆಮನೆಯ ಫೋನಿಗೂ ಹಾಡು ಬರಬೇಕು. ಬಂತು. ಆದರೆ ಫೋನಿನಲ್ಲಿ ಪ್ರತಿ ಹಾಡಿನ ಕೆಳಗೆ 'ಅಪರಿಚಿತ ಗಾಯಕ' ಎಂದು ಬಂತು.

"ಅಪರಿಚಿತ ಅಂತೆ," ಅಕ್ಕ ನಗಲಿಲ್ಲ. "ಇಡೀ ಸುಳ್ಯಕ್ಕೆ ಗೊತ್ತಿದ್ದವ. ಇದಕ್ಕೆ ಮಾತ್ರ ಗೊತ್ತಿಲ್ಲ."

ಹಾಡು ಹಾಡಿಗೂ ಅವನ ಹೆಸರು ಬರೆದೆವು. ಪ್ಲಗ್ ತೆಗೆದು ಹಾಕಿದಾಗಲೆಲ್ಲ ಪೆಟ್ಟಿಗೆಯ ನೆಟ್‌ವರ್ಕ್ ವಿಳಾಸ ಬದಲಾಗಿ ಫೋನಿಗೆ ಅದು ಸಿಗುತ್ತಿರಲಿಲ್ಲ. ನಾನು ರೌಟರಿನ ಎದುರು ಕೂತು ತಲೆ ಕೆರೆದುಕೊಳ್ಳುತ್ತಿದ್ದರೆ, "ಎಂತ ಮಾರಾಯ್ರೆ, ಅಷ್ಟು ಓದಿದವರಿಗೆ ಒಂದು ಭಜನೆ ಹಾಡಿಸ್ಲಿಕ್ಕೆ ಆಗುದಿಲ್ವಾ?" ಎನ್ನುತ್ತಿದ್ದರು. ಕೊನೆಗೆ ವಿಳಾಸ ಬದಲಾಗದಂತೆ ಕಟ್ಟಿಹಾಕಿದೆ.

ಇನ್ನೊಂದು ಡಿಸ್ಕಿನಲ್ಲಿ ಪ್ರತಿ ತೆಗೆದಿಡುವ ಎಂದಿದ್ದೆ. ಮದುವೆಯ ಬ್ಲೌಸುಗಳು ಮುಗಿಯಲಿ ಎಂದಿದ್ದರು. ಅಷ್ಟರೊಳಗೆ ಕ್ಯಾಸೆಟ್ಟುಗಳನ್ನು ಪಯಸ್ವಿನಿ ಹೊಳೆಗೆ ಬಿಟ್ಟು ಬಂದಿದ್ದರು. ಮಾಸಿದ ದೇವರ ಪಟವನ್ನು ಹರಿಯುವ ನೀರಿಗೆ ಬಿಡುತ್ತೇವಲ್ಲ, ಹಾಗೆ. ಭಜನೆಯನ್ನು ಕಸಕ್ಕೆ ಹಾಕಲಾಗದು. ಬೂಸಲು ಹಿಡಿದದ್ದನ್ನು ಇಟ್ಟು ಪ್ರಯೋಜನವೂ ಇಲ್ಲ. ಅವರ ಮುಖದಲ್ಲಿ ಒಂದು ಕರ್ಮ ಮುಗಿಸಿದ ಸಮಾಧಾನವಿತ್ತು.

ಸಮಸ್ಯೆ ಇದ್ದದ್ದು ಗುಡುಗಿನಲ್ಲಿ. ಮೊದಲು ಫೋನಿನಲ್ಲಿ ಆಫ್ ಒತ್ತಿ, ಪೆಟ್ಟಿಗೆಯ ನೀಲಿ ದೀಪ ಆರಿದ ಮೇಲೆ ಪ್ಲಗ್ ತೆಗೆಯಿರಿ, ಇಲ್ಲದಿದ್ದರೆ ಡಿಸ್ಕ್ ಹಾಳಾಗುತ್ತದೆ ಎಂದು ಎಷ್ಟೋ ಸಲ ಹೇಳಿದ್ದೆ.

"ದೀಪ ಆರುವಲ್ಲಿವರೆಗೆ ಗುಡುಗು ಕಾಯ್ತದಾ?"

ಹೊಲಿಗೆ ಬಿಟ್ಟು ಓಡಿಬಂದು ಪ್ಲಗ್ ಎಳೆಯುತ್ತಿದ್ದರು. ಪ್ರತಿ ಸಲವೂ ತಮ್ಮನನ್ನು ಉಳಿಸುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ದೀಪಾವಳಿಯ ಹೊತ್ತಿನ ಒಂದು ಸಂಜೆ ಪೆಟ್ಟಿಗೆಯೊಳಗೆ ಟಕ್ ಟಕ್ ಎಂದಿತು, ಹಾಡು ಬರಲಿಲ್ಲ. ಪುತ್ತೂರಿನ ರಿಪೇರಿಯವರು ಬಿಚ್ಚಿ ನೋಡಿ, "ಒಳಗೆ ಗೀರು ಬಿದ್ದುಂಟು. ಇನ್ನು ಎಂತದೂ ಸಿಗುದಿಲ್ಲ," ಎಂದರು. ಅಕ್ಕ ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟುಕೊಂಡರು. ಆಮೇಲೂ ಗುಡುಗಿದರೆ ಅದರ ಪ್ಲಗ್ ತೆಗೆಯುತ್ತಿದ್ದರು. ಮಳೆ ಬಿಟ್ಟ ಮೇಲೆ ಮತ್ತೆ ಹಾಕುತ್ತಿದ್ದರು.

ಮುಂದೆ ನಾನು ಕುಂಬ್ರದ ಹತ್ತಿರ ಮನೆ ಮಾಡಿದೆ. ಅಕ್ಕ ಜ್ವರದಲ್ಲಿ ತೀರಿಹೋದ ಸುದ್ದಿ ತಡವಾಗಿ ಬಂತು. ಅವರ ತಂಗಿಯ ಮಗಳು ಪೆಟ್ಟಿಗೆಯನ್ನೂ ಲ್ಯಾಪ್‌ಟಾಪನ್ನೂ ತಂದುಕೊಟ್ಟು, "ಇದೆಲ್ಲ ಎಂತ ಅಂತ ನಮಗೆ ಗೊತ್ತಾಗುದಿಲ್ಲ. ನೀವೇ ಇಟ್ಕೊಳ್ಳಿ," ಎಂದಳು.

ಲ್ಯಾಪ್‌ಟಾಪಿನ ಕಸದ ಬುಟ್ಟಿಯಲ್ಲಿ ಒಂದು ಕಡತ ಸಿಕ್ಕಿತು. ಮೊದಲ ದಿನ ತಂತಿ ಸರಿಯಾಗಿ ಸಿಕ್ಕಿಸದೆ, ಹಾಡಿನ ಜೊತೆ ಕೋಣೆಯ ಸದ್ದೆಲ್ಲ ದಾಖಲಾಗಿತ್ತು. "ಮಿಷನ್ ಸದ್ದು ಬಂದಿದೆ, ಇದು ಬೇಡ," ಎಂದು ಅಕ್ಕನೇ ತೆಗೆದುಹಾಕಿದ್ದು. ಕಸಕ್ಕೆ ಹಾಕಬಾರದೆಂದು ಹೊಳೆಗೆ ಬಿಟ್ಟದ್ದು ಹೋಯಿತು. ಕಸಕ್ಕೆ ಹಾಕಿದ್ದು ಉಳಿಯಿತು. ಅವರಿಗೆ ಅದು ಗೊತ್ತಾಗಲೇ ಇಲ್ಲ.

ಅಕ್ಕನ ತಮ್ಮನದು ತುಂಬಿದ, ಗಡಸು ಸ್ವರ ಎಂದು ನಾನು ಯಾರ ಎದುರೂ ಹೇಳಬಲ್ಲವನಾಗಿದ್ದೆ. ಕೇಳಿದರೆ ತೆಳು ಸ್ವರ, ಇನ್ನೂ ಗಂಟಲು ಒಡೆಯದ ಹುಡುಗನ ಸ್ವರದ ಹಾಗೆ. ಆ ದಿನ ಬಿಸಿಲಿತ್ತು ಎಂದೂ ನನ್ನ ನೆನಪು. ದಾಖಲೆಯಲ್ಲಿ ದೂರದ ಗುಡುಗಿದೆ. ಮಿಷನ್ ನಿಲ್ಲುತ್ತದೆ. ಅಕ್ಕನ ಸ್ವರ: "ಸಾಕು, ಪ್ಲಗ್ ತೆಗೀತೇನೆ." ಅವನ ಹಾಡು ಸಾಲಿನ ನಡುವೆ ಕಡಿಯುತ್ತದೆ. ಆಮೇಲೆ ಅಕ್ಕನ ಉಸಿರು ಮಾತ್ರ.

ಪೆಟ್ಟಿಗೆಗೆ ಹೊಸ ಡಿಸ್ಕ್ ಹಾಕಿದ್ದೇನೆ. ಅದರಲ್ಲಿರುವುದು ಆ ಅರ್ಧ ಹಾಡೊಂದೇ. ಮೊನ್ನೆ ಗುಡುಗಿದಾಗ ಆಫ್ ಒತ್ತಿ, ಕೆಂಪು ಟೇಪಿನ ಮೇಲೆ ಬೆರಳಿಟ್ಟು ನಿಂತೆ. ಎರಡನೇ ಗುಡುಗು ಹತ್ತಿರದಲ್ಲೇ ಬಂತು. ನೀಲಿ ದೀಪ ಇನ್ನೂ ಆರಿರಲಿಲ್ಲ. ನಾನೂ ಕಾಯದೆ ಪ್ಲಗ್ ಎಳೆದೆ.