ಅಣ್ಣನ ಮೈಯ ಕಾವು

ಎಪ್ಪತ್ತರ ದಶಕದಲ್ಲಿ ಜೀವರಸಾಯನ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನನಗೆ ಜಂಬಕ್ಕೇನೂ ಕಡಿಮೆ ಇರಲಿಲ್ಲ. ಗೋರೆಗಾಂವಿನ ನಮ್ಮ ಸಾಲುಮನೆಗಳ ಚಾಳಿನಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಓದಿಸುತ್ತಿದ್ದವನು ಅಣ್ಣ. ಅವನಿಗೆ ಕಾಂದಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೆಲಸ. ಅಪ್ಪ ಇಲ್ಲದ ಮನೆ. ಅವ್ವನಿಗೂ ನನಗೂ ಅವನೇ ದಿಕ್ಕು.

ಆ ವರ್ಷ ಪ್ರೊಫೆಸರರು ಮೈಟೊಕಾಂಡ್ರಿಯದ ಪಾಠ ಮಾಡಿದರು. ಜೀವಕೋಶದೊಳಗಿನ ಆ ಪುಟ್ಟ ಚೀಲಗಳಿಗೆ ಎರಡು ಪೊರೆ. ಉಂಡ ಅನ್ನ ಉಸಿರಿನ ಗಾಳಿಯೊಡನೆ ಕೂಡಿದಾಗ ಹುಟ್ಟುವ ಬಲದಿಂದ ಪ್ರೋಟಾನುಗಳು ಒಳಪೊರೆಯಾಚೆಗೆ ತಳ್ಳಲ್ಪಡುತ್ತವೆ. ಅಲ್ಲಿ ಗಿಜಿಗುಟ್ಟಿ, ಮರಳಿ ಬರಲು ಒತ್ತುತ್ತವೆ. ದಾರಿ ಮಾತ್ರ ಒಂದು ಕಿಣ್ವದ ಮೂಲಕ. ಆ ಒತ್ತಡದಲ್ಲೇ ಮೈಯ ಎಲ್ಲ ಕೆಲಸಕ್ಕೂ ಬೇಕಾದ ಎಟಿಪಿ ಎಂಬ ಇಂಧನ ತಯಾರಾಗುತ್ತದೆ. ನನಗೆ ನಮ್ಮ ಚಾಳಿನ ನೀರಿನ ಟಾಕಿ ನೆನಪಾಯಿತು. ಪಂಪು ನೀರೇರಿಸಬೇಕು, ಇಳಿಯುವ ನೀರು ಕೊಡ ತುಂಬಬೇಕು. "ಇದನ್ನು ಇನ್ನೂ ಒಪ್ಪದ ವಿಜ್ಞಾನಿಗಳಿದ್ದಾರೆ" ಎಂದು ಪ್ರೊಫೆಸರರು ನಕ್ಕರು.

ಆಮೇಲೆ ಪ್ರಯೋಗಾಲಯದಲ್ಲಿ ಡೈನೈಟ್ರೊಫಿನಾಲ್ ಎಂಬ ಹಳದಿ ಪುಡಿಯ ದ್ರಾವಣವನ್ನು ಮೈಟೊಕಾಂಡ್ರಿಯವಿದ್ದ ಕೊಳವೆಗೆ ಒಂದು ಹನಿ ಹಾಕಿ ತೋರಿಸಿದರು. ಅದು ಪ್ರೋಟಾನುಗಳನ್ನು ಕಳ್ಳದಾರಿಯಲ್ಲಿ ಒಳಗೆ ಸಾಗಿಸುತ್ತದೆ. ಟಾಕಿ ಸೋರಿದ ಹಾಗೆ. ಪಂಪು ಬಿಡುವಿಲ್ಲದೆ ಓಡುತ್ತದೆ, ಕೊಡ ತುಂಬುವುದಿಲ್ಲ, ಶಕ್ತಿಯೆಲ್ಲ ಬರೀ ಕಾವಾಗಿ ಹೋಗುತ್ತದೆ. ಆಮ್ಲಜನಕ ಅಳೆಯುವ ಮುಳ್ಳು ಸರ್ರನೆ ಇಳಿದಾಗ ನನ್ನ ಮೈ ಜುಮ್ಮೆಂದಿತು.

ಕೆಲವು ವಾರಗಳ ನಂತರ, ಬಿಸಿಲು ಸುಡುತ್ತಿದ್ದ ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದರೆ ಅಣ್ಣ ಮಲಗಿ ಏದುಸಿರು ಬಿಡುತ್ತಿದ್ದ. ಅವ್ವ ಅವನ ಮೇಲೆ ಎರಡು ಕೌದಿ ಹೊದಿಸಿ, ಶುಂಠಿ ಕಷಾಯ ಕುದಿಸುತ್ತಿದ್ದಳು. ನಮ್ಮ ಕಡೆ ಯಾವ ಜ್ವರವೇ ಬರಲಿ, ಕೌದಿ ಹೊದಿಸಿ ಬೆವರಿಳಿಸುವುದೇ ಮೊದಲ ಮದ್ದು.

"ಶಿಫ್ಟ್ ನಡುವನ ಬಂದಾನವ್ವಾ. ಚೊಲೋತ್ನಂಗ ಬೆವರಿದ್ರ ಇಳೀತೈತಿ," ಅಂದಳು ಅವ್ವ.

ಅವನಾಗಲೇ ಬೆವರಿನಲ್ಲಿ ತೊಯ್ದು ಹೋಗಿದ್ದ. ಕೌದಿಯೊಳಗಿನ ಕೈ ಹಿಡಿದು ನೋಡಿದೆ. ಅಂಗೈ ಅರಿಶಿನ ಹಚ್ಚಿದಂತೆ ಹಳದಿ.

"ಅಣ್ಣಾ, ಇವತ್ತ ಏನ ಮುಟ್ಟಿದಿ?"

"ಕರೇ ಬಣ್ಣಕ್ಕ ಹಾಕ್ತಾರಲ್ಲ, ಹಳದಿ ಪುಡಿ. ಡೈನೈಟ್ರೊ ಅದೇನೋ. ಡ್ರಮ್ ಒಡದಿತ್ತು, ಕೈಲೇ ಬಾಚಿ ತುಂಬಿದೆ."

ಪ್ರಯೋಗಾಲಯದ ಅದೇ ಪುಡಿ, ಚರ್ಮದಿಂದಲೇ ಮೈಗಿಳಿದಿತ್ತು. ಕೌದಿಗಳನ್ನು ಕಿತ್ತೆಸೆದು, ಅವನ ಮೈಮೇಲೆ ಕೊಡದ ನೀರು ಸುರಿದೆ.

"ತಲಿ ಕೆಟ್ಟೈತೇನ ನಿನಗ? ಥಂಡಿ ಹತ್ತಿ ಸಾಯ್ತಾನ ಅಂವ!" ಅವ್ವ ನನ್ನ ಕೈ ಹಿಡಿದೆಳೆದಳು.

"ಥಂಡಿ ಅಲ್ಲವ್ವಾ, ಒಳಗ ಸುಡಾಕ ಹತ್ತೈತಿ! ಈ ಕೌದಿನ ಅವನ್ನ ಕೊಲ್ತೈತಿ!"

ಅಕ್ಕಪಕ್ಕದವರು ಟ್ಯಾಕ್ಸಿ ತಂದರು. ಆಸ್ಪತ್ರೆಯ ಡಾಕ್ಟರು ನನ್ನ ಮಾತು ಪೂರ್ತಿ ಕೇಳಿ, ಮೈಸುತ್ತ ಐಸ್ ಇಡಿಸಿ ಸಲೈನ್ ಹಚ್ಚಿದರು. "ಇದಕ್ಕೆ ಬೇರೆ ಮದ್ದಿಲ್ಲ. ವಿಷ ಇಳಿಯುವ ತನಕ ತಣ್ಣಗಿಡಬೇಕು, ಅಷ್ಟೆ" ಎಂದರು.

ಬಾಗಿಲ ಹೊರಗೆ ಕೂತಾಗ ನನಗೆ ಭಯಕ್ಕಿಂತ ದೊಡ್ಡದೇನೋ ಆಯಿತು. ಅಣ್ಣ ಡ್ರಮ್ ಎತ್ತುವುದು, ಅವ್ವ ನನ್ನನ್ನು ಬಯ್ಯುವುದು, ನಾನು ಪುಸ್ತಕದ ಹಾಳೆ ಮಗುಚುವುದು, ಎಲ್ಲವೂ ಕಣ್ಣಿಗೆ ಕಾಣದ ಒಂದು ಪೊರೆ ಸೋರದೆ ಇರುವುದರ ಮೇಲೆ ನಿಂತಿದೆ. ಹುಟ್ಟಿದಂದಿನಿಂದ ಒಂದು ಗಳಿಗೆಯೂ ಬಿಡದೆ ಅದು ನಮ್ಮನ್ನು ಕಾಯ್ದಿದೆ. ನಾನೋ ಅದನ್ನು ಪರೀಕ್ಷೆಯ ಪ್ರಶ್ನೆ ಅಂದುಕೊಂಡಿದ್ದೆ.

ಮರುದಿನ ಅಣ್ಣ ಕಣ್ಣು ಬಿಟ್ಟು, "ಹಸಿವಾಗೈತಿ ನೋಡ" ಎಂದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ನಾನು ಅವನ ಎದೆಯ ಮೇಲೆ ಕೈಯಿಟ್ಟೆ. ಎಲ್ಲರ ಮೈ ಇರುವಷ್ಟೇ ಬೆಚ್ಚಗಿತ್ತು. ಹಿಂದಿನ ದಿನವೆಲ್ಲ ನಾನು ಬೇಡಿಕೊಂಡದ್ದು ಅಷ್ಟನ್ನೇ. ದೇವರನ್ನೋ ಪ್ರೋಟಾನುಗಳನ್ನೋ, ನನಗೆ ಇಂದಿಗೂ ಗೊತ್ತಿಲ್ಲ.